ಲೆಕ್ಕ ತಪ್ಪಿದ ಹಡಗುಗಳು, ದಡದಲ್ಲಿದ್ದ ಜನ: ಐರೋಪ್ಯರು ಆಸ್ಟ್ರೇಲಿಯಾಕ್ಕೆ ಬಂದದ್ದು ಹೇಗೆ?

ಸಿಡ್ನಿ, ಮೆಲ್ಬರ್ನ್, ಪರ್ತ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಜನವರಿ 26 ಎರಡು ದೇಶಗಳ ದಿನ. ನಮಗೆ ಅದು ಗಣರಾಜ್ಯೋತ್ಸವ, ಅಲ್ಲಿ ಅದೇ ದಿನ ಆಸ್ಟ್ರೇಲಿಯಾ ದಿನ. ಅದು ಸಂಭ್ರಮದ ದಿನವೋ, ಮೂಲನಿವಾಸಿಗಳು ನೆಲ ಕಳೆದುಕೊಂಡ ದಿನವೋ ಎಂದು ಆ ಹೊತ್ತಿಗೆ ಸರಿಯಾಗಿ ಪ್ರತಿ ವರ್ಷವೂ ಅಲ್ಲೊಂದು ವಾಗ್ವಾದ ಏಳುತ್ತದೆ. 2024ರಲ್ಲಿ ಆಸ್ಟ್ರೇಲಿಯಾ ದಿನದ ಮುನ್ನಾದಿನ ಮೆಲ್ಬರ್ನ್‌ನ ಸೇಂಟ್ ಕಿಲ್ಡಾದಲ್ಲಿದ್ದ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಜೇಮ್ಸ್ ಕುಕ್ ಪ್ರತಿಮೆಯನ್ನು ಪಾದದ ಬಳಿ ಕೊಯ್ದು ಉರುಳಿಸಿದರು. ಸುದ್ದಿ ಓದಿದ ಹಲವರು ಕುಕ್ ಆಸ್ಟ್ರೇಲಿಯಾಕ್ಕೆ ಬಂದಿಳಿದ ದಿನವೇ ಜನವರಿ 26 ಎಂದುಕೊಂಡರು.

ಅದು ಹಾಗಲ್ಲ. ಕುಕ್ ಬಂದದ್ದು 1770ರ ಏಪ್ರಿಲ್‌ನಲ್ಲಿ. ಜನವರಿ 26 ಎಂಬುದು 1788ರ ದಿನಾಂಕ. ಆರ್ಥರ್ ಫಿಲಿಪ್ ಎಂಬ ಅಧಿಕಾರಿ 11 ಹಡಗುಗಳಲ್ಲಿ ಬ್ರಿಟನ್ನಿನ ಕೈದಿಗಳನ್ನೂ ಕಾವಲಿನ ಸೈನಿಕರನ್ನೂ ಕರೆತಂದು, ಈಗಿನ ಸಿಡ್ನಿಯಲ್ಲಿ ಬಾವುಟ ಏರಿಸಿದ ದಿನ ಅದು. ಈ ಇಬ್ಬರೂ ಮೊದಲಿಗರಲ್ಲ. ಬರಹದ ದಾಖಲೆ ಇರುವಂತೆ ಆಸ್ಟ್ರೇಲಿಯಾದ ನೆಲ ತುಳಿದ ಮೊದಲ ಐರೋಪ್ಯರು ಡಚ್ಚರು, ಅದೂ 1606ರಲ್ಲಿ.

1606ರಿಂದ 1770ಕ್ಕೆ 164 ವರ್ಷ. ಅಷ್ಟು ಕಾಲ ಪಶ್ಚಿಮ ಮತ್ತು ಉತ್ತರದ ದಡಗಳಿಗೆ ಬಂದುಹೋಗುತ್ತಿದ್ದವರು ಪೂರ್ವದ ದಡ ನೋಡಲೇ ಇಲ್ಲ ಯಾಕೆ? ಬಂದವರು ನಿಲ್ಲಲಿಲ್ಲ ಯಾಕೆ? ಧೈರ್ಯ, ಸಾಹಸಗಳ ಕಥೆಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಗಾಳಿಯ ದಿಕ್ಕು, ಗಡಿಯಾರವಿಲ್ಲದ ಹಡಗು ಮತ್ತು ವ್ಯಾಪಾರದ ಲಾಭ-ನಷ್ಟ, ಇವು ಮೂರನ್ನು ಅರ್ಥಮಾಡಿಕೊಂಡರೆ ಸಿಗುತ್ತದೆ.

ಯಾರಿಗೆ ಹೊಸ ನೆಲ?

ಆಸ್ಟ್ರೇಲಿಯಾದಲ್ಲಿ ಮನುಷ್ಯರು 50,000 ವರ್ಷಗಳಿಗಿಂತ ಹೆಚ್ಚು ಕಾಲದಿಂದ ಇದ್ದಾರೆ. ಐರೋಪ್ಯರು ಬಂದಾಗ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಂದೊಂದು ಸಮುದಾಯಕ್ಕೂ ತನ್ನದೇ ಸೀಮೆ ಇತ್ತು. ಯಾವ ಹೊಳೆಯಲ್ಲಿ ಯಾರು ಮೀನು ಹಿಡಿಯಬಹುದು, ಬೇರೆ ಸೀಮೆಯವರು ಒಳಗೆ ಬರಬೇಕಾದರೆ ಯಾರನ್ನು ಕೇಳಬೇಕು ಎಂಬುದಕ್ಕೆಲ್ಲ ಕಟ್ಟುಪಾಡು ಇತ್ತು. ಹೊರಗಿನವರು ಅವರಿಗೆ ಅಪರಿಚಿತರೇ ಆಗಿದ್ದರು ಎನ್ನುವಂತೆಯೂ ಇಲ್ಲ. ಈಗಿನ ಇಂಡೋನೇಷ್ಯಾದ ಮಕಾಸ್ಸರ್‌ನ ಮೀನುಗಾರರು ಸಮುದ್ರಸೌತೆ ಎಂಬ ಕಡಲಜೀವಿಯನ್ನು ಹಿಡಿಯಲು ಮಳೆಗಾಲದ ಗಾಳಿ ಹಿಡಿದು ಉತ್ತರದ ಅರ್ನ್‌ಹೆಮ್ ಸೀಮೆಯ ದಡಕ್ಕೆ ಬರುತ್ತಿದ್ದರು, ಗಾಳಿ ತಿರುಗಿದಾಗ ಮರಳುತ್ತಿದ್ದರು. 18ನೇ ಶತಮಾನದ ಹೊತ್ತಿಗೆ ಅದು ವರ್ಷವರ್ಷದ ವಹಿವಾಟಾಗಿತ್ತು.

ಯೂರೋಪಿನವರ ಬಳಿ ಇದ್ದದ್ದು ಊಹೆ. ಭೂಗೋಳದ ಉತ್ತರಾರ್ಧದಲ್ಲಿ ಇಷ್ಟೊಂದು ನೆಲ ಇರುವಾಗ ತೂಕ ಸರಿದೂಗಿಸಲು ದಕ್ಷಿಣದಲ್ಲೂ ಅಷ್ಟೇ ದೊಡ್ಡ ಖಂಡ ಇರಲೇಬೇಕು ಎಂದು ಅವರ ಪಂಡಿತರು ನಂಬಿದ್ದರು. ನಕ್ಷೆಗಳಲ್ಲಿ ಅದನ್ನು ಬರೆದೂ ಇಟ್ಟಿದ್ದರು. ಆ ಖಂಡ ಎಲ್ಲೂ ಇರಲಿಲ್ಲ.

ಲವಂಗದ ವ್ಯಾಪಾರಿಗಳು ದಕ್ಷಿಣಕ್ಕೆ ಯಾಕೆ ಇಳಿದರು?

1602ರಲ್ಲಿ ಡಚ್ಚರು ಈಸ್ಟ್ ಇಂಡಿಯಾ ಕಂಪನಿ ಕಟ್ಟಿದರು. ಈಗಿನ ಇಂಡೋನೇಷ್ಯಾದ ದ್ವೀಪಗಳಲ್ಲಿ ಬೆಳೆಯುವ ಲವಂಗ, ಜಾಯಿಕಾಯಿ, ಮೆಣಸುಗಳನ್ನು ಯೂರೋಪಿಗೆ ಸಾಗಿಸಿ ಮಾರುವುದು ಅವರ ಕಸುಬು. ಆಸುಪಾಸಿನಲ್ಲಿ ಬೇರೆ ವ್ಯಾಪಾರದ ಊರುಗಳಿವೆಯೇ ಎಂದು ಹುಡುಕಲು 'ಡಾಯ್ಫ್‌ಕೆನ್' ಎಂಬ ಪುಟ್ಟ ಹಡಗನ್ನು ವಿಲ್ಲೆಮ್ ಯಾನ್ಸ್‌ಜೂನ್ ಎಂಬ ನಾವಿಕನ ಕೈಗೆ ಕೊಟ್ಟು ಕಳಿಸಿದರು. 1606ರಲ್ಲಿ ಆತ ಆಸ್ಟ್ರೇಲಿಯಾದ ಈಶಾನ್ಯ ತುದಿಯ ಕೇಪ್ ಯಾರ್ಕ್ ಪರ್ಯಾಯ ದ್ವೀಪದ ಪಶ್ಚಿಮ ದಡ ಮುಟ್ಟಿದ. ಅದು ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಮುಂದುವರಿಕೆ ಎಂದೇ ಭಾವಿಸಿದ. ಅಲ್ಲಿಯ ಜನರೊಂದಿಗೆ ಕಾದಾಟವಾಗಿ ನಾವಿಕರು ಸತ್ತರು. ಡಚ್ಚರು ಬಂದದ್ದು, ಜಗಳವಾದದ್ದು ಆ ಭಾಗದ ವಿಕ್ ಜನರ ಬಾಯಿಮಾತಿನ ಇತಿಹಾಸದಲ್ಲಿ ಇಂದಿಗೂ ಇದೆ. ಹಡಗು ಹಿಂತಿರುಗಿದ ಮೂಲೆಗೆ ಡಚ್ಚರು 'ಕೀರ್‌ವೇರ್', ಅಂದರೆ 'ಮರಳಿ ತಿರುಗು' ಎಂದು ಹೆಸರಿಟ್ಟರು. ಅದೇ ವರ್ಷ ಸ್ಪೇನಿನ ಪರವಾಗಿ ಯಾನ ಮಾಡುತ್ತಿದ್ದ ಲೂಯಿಸ್ ವಾಯೆಜ್ ದೆ ಟೊರೆಸ್ ಎಂಬಾತ ನ್ಯೂಗಿನಿಗೂ ಆಸ್ಟ್ರೇಲಿಯಾಕ್ಕೂ ನಡುವಿನ ಜಲಸಂಧಿಯನ್ನು ದಾಟಿಹೋದ. ಸ್ಪೇನ್ ಆ ವಿಷಯವನ್ನು ಗುಟ್ಟಾಗಿಟ್ಟಿತು.

ಆದರೆ ಡಚ್ಚರು ಆಸ್ಟ್ರೇಲಿಯಾದ ಪಶ್ಚಿಮ ದಡಕ್ಕೆ ಮತ್ತೆ ಮತ್ತೆ ಬಂದು ತಾಗಲು ಕಾರಣವೇ ಬೇರೆ. ಅದು ಒಂದು ಹೊಸ ಸಮುದ್ರಮಾರ್ಗ.

ಹಳೆಯ ದಾರಿಯಲ್ಲಿ ಹಡಗುಗಳು ಆಫ್ರಿಕಾದ ದಕ್ಷಿಣ ತುದಿ ಸುತ್ತಿ, ಅಲ್ಲಿಂದ ಈಶಾನ್ಯಕ್ಕೆ ಹೊರಳಿ ಹಿಂದೂ ಮಹಾಸಾಗರದ ನಡುವೆ ಸಾಗಬೇಕಿತ್ತು. ಭೂಮಧ್ಯರೇಖೆಯ ಬಳಿ ಗಾಳಿ ಬೀಳುತ್ತದೆ. ಮುಂಗಾರು ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕು. ಬಿಸಿಲಿಗೆ ಕುಡಿಯುವ ನೀರು ಕೊಳೆಯುತ್ತದೆ, ನಾವಿಕರು ವಸಡು ಕೊಳೆತು ಸಾಯುತ್ತಾರೆ. ಅದು ಸ್ಕರ್ವಿ, ಸಿ ಜೀವಸತ್ವದ ಕೊರತೆಯಿಂದ ಬರುವ ರೋಗ. ತಿಂಗಳುಗಟ್ಟಲೆ ತಾಜಾ ಹಣ್ಣು ಸೊಪ್ಪು ಇಲ್ಲದಿದ್ದರೆ ಹೀಗೇ ಆಗುವುದು.

1611ರಲ್ಲಿ ಹೆಂಡ್ರಿಕ್ ಬ್ರೌವರ್ ಇದಕ್ಕೆ ಬೇರೆ ದಾರಿ ಹಿಡಿದ. ಆಫ್ರಿಕಾದ ತುದಿ ದಾಟಿದ ಮೇಲೆ ಉತ್ತರಕ್ಕೆ ತಿರುಗುವ ಬದಲು ಇನ್ನೂ ದಕ್ಷಿಣಕ್ಕೆ, 35ರಿಂದ 44 ಡಿಗ್ರಿ ಅಕ್ಷಾಂಶದ ನಡುವೆ ಇಳಿದ. ಅಲ್ಲಿ ವರ್ಷವಿಡೀ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಂಡು ನೇರ ಪೂರ್ವಕ್ಕೆ ಓಡಿ, ಆಮೇಲೆ ಉತ್ತರಕ್ಕೆ ಹೊರಳಿ ಜಾವಾ ತಲುಪಿದ. ಹಳೆಯ ದಾರಿಯಲ್ಲಿ ಒಂದು ವರ್ಷದವರೆಗೂ ಹಿಡಿಯುತ್ತಿದ್ದ ಪಯಣ ಆರು ತಿಂಗಳೊಳಗೆ ಮುಗಿಯಿತು. ತಂಪು ಹವೆಯಲ್ಲಿ ಆಹಾರವೂ ಉಳಿಯಿತು, ಜನವೂ ಉಳಿದರು. ಕೆಲವೇ ವರ್ಷಗಳಲ್ಲಿ ಕಂಪನಿ ತನ್ನ ಎಲ್ಲ ಹಡಗುಗಳಿಗೂ ಇದೇ ದಾರಿಯನ್ನು ಕಡ್ಡಾಯ ಮಾಡಿತು.

ಆಜ್ಞೆ ಸರಳವಾಗಿತ್ತು: ಆಫ್ರಿಕಾದ ತುದಿಯಿಂದ ಪೂರ್ವಕ್ಕೆ 1,000 ಡಚ್ ಮೈಲಿ ಹೋಗಿ, ನಂತರ ಉತ್ತರಕ್ಕೆ ತಿರುಗಿ. ಒಂದು ಡಚ್ ಮೈಲಿ ಎಂದರೆ ಸುಮಾರು 7.4 ಕಿ.ಮೀ., ಹಾಗಾಗಿ ಒಟ್ಟು ಸುಮಾರು 7,400 ಕಿ.ಮೀ. ತೊಡಕು ಇದ್ದದ್ದು ಇಲ್ಲಿಯೇ. 7,400 ಕಿ.ಮೀ. ಆಯಿತು ಎಂದು ನಡುಗಡಲಿನಲ್ಲಿ ತಿಳಿಯುವುದು ಹೇಗೆ?

ಅಕ್ಷಾಂಶ ಸಿಗುತ್ತದೆ, ರೇಖಾಂಶ ಸಿಗುವುದಿಲ್ಲ

ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದೇವೆ ಎಂಬುದು ಅಕ್ಷಾಂಶ. ಇದನ್ನು ಆಕಾಶವೇ ಹೇಳುತ್ತದೆ. ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂದು ಕೋನ ಅಳೆದು, ಆ ದಿನ ಸೂರ್ಯ ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ವಾಲಿದ್ದಾನೆ ಎಂಬುದನ್ನು ಪಟ್ಟಿಯಲ್ಲಿ ನೋಡಿ ಕೂಡಿ ಕಳೆದರೆ ಉತ್ತರ ಬಂತು. ಕಟ್ಟಿಗೆಯ ಸಾಧನದಲ್ಲೂ ಅರ್ಧ ಡಿಗ್ರಿಯಷ್ಟು ನಿಖರತೆ ಸಾಧ್ಯವಿತ್ತು.

ಪೂರ್ವ-ಪಶ್ಚಿಮದ ಸ್ಥಾನ ಹೇಳುವುದು ರೇಖಾಂಶ. ಭೂಮಿ ಸುತ್ತುತ್ತಲೇ ಇರುವುದರಿಂದ ಪೂರ್ವಕ್ಕಿರುವವರಿಗೂ ಪಶ್ಚಿಮಕ್ಕಿರುವವರಿಗೂ ಆಕಾಶ ಒಂದೇ ರೀತಿ ಕಾಣುತ್ತದೆ, ಬೇರೆ ಬೇರೆ ಹೊತ್ತಿಗೆ ಮಾತ್ರ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಬೆಂಗಳೂರು ಸುಮಾರು 77.6 ಡಿಗ್ರಿ ಪೂರ್ವದಲ್ಲಿದೆ, ಸಿಡ್ನಿ 151.2ರಲ್ಲಿ. ವ್ಯತ್ಯಾಸ 73.6 ಡಿಗ್ರಿ. ನಾಲ್ಕರಿಂದ ಗುಣಿಸಿದರೆ 4 ಗಂಟೆ 54 ನಿಮಿಷ. ಸಿಡ್ನಿಯಲ್ಲಿ ಸೂರ್ಯ ನೆತ್ತಿಗೆ ಬಂದು ಅಷ್ಟು ಹೊತ್ತಾದ ಮೇಲೆ ಬೆಂಗಳೂರಿನಲ್ಲಿ ಬರುತ್ತಾನೆ. (ಫೋನಿನಲ್ಲಿ ನಾಲ್ಕೂವರೆ ಗಂಟೆ, ಅವರ ಬೇಸಿಗೆಯಲ್ಲಿ ಐದೂವರೆ ಗಂಟೆ ವ್ಯತ್ಯಾಸ ಕಾಣುವುದು ಎರಡೂ ದೇಶಗಳು ತಮ್ಮ ಅನುಕೂಲಕ್ಕೆ ಗಡಿಯಾರ ಹೊಂದಿಸಿಕೊಂಡಿರುವುದರಿಂದ.) ಹೊರಟ ಊರಿನಲ್ಲಿ ಈಗ ಗಂಟೆ ಎಷ್ಟು ಎಂದು ಗೊತ್ತಾದರೆ ನಾನಿರುವ ರೇಖಾಂಶವೂ ಗೊತ್ತಾಗುತ್ತದೆ. 1611ರ ಹಡಗಿನಲ್ಲಿ ಇದ್ದದ್ದು ಮರಳುಗಡಿಯಾರ. ತಿಂಗಳುಗಟ್ಟಲೆ ಊರಿನ ಹೊತ್ತು ಕಾಯ್ದುಕೊಳ್ಳುವುದು ಅದರ ಕೈಲಾಗುವ ಕೆಲಸವಲ್ಲ.

ಹಾಗಾಗಿ ನಾವಿಕರು ವೇಗ ಮತ್ತು ದಿಕ್ಕು ಅಂದಾಜು ಮಾಡಿ ದೂರ ಕಟ್ಟುತ್ತಿದ್ದರು. ರಾತ್ರಿ ಬಸ್ಸಿನಲ್ಲಿ ಕಿಟಕಿಯ ಪರದೆ ಎಳೆದುಕೊಂಡು ಕೂತವರು 'ಹೊರಟು ಐದು ಗಂಟೆಯಾಯಿತು, ಗಂಟೆಗೆ 60 ಎಂದರೂ ದಾವಣಗೆರೆ ದಾಟಿರಬೇಕು' ಎಂದು ಲೆಕ್ಕ ಹಾಕುತ್ತಾರಲ್ಲ, ಅದೇ ರೀತಿ. ಬಸ್ಸಿಗಾದರೆ ಮೈಲಿಗಲ್ಲು ಇರುತ್ತದೆ.

ವೇಗ ಅಳೆಯುವ ಒಂದು ಕ್ರಮ ಹೀಗಿತ್ತು. ಹಡಗಿನ ಬದಿಯಲ್ಲಿ ಎರಡು ಗುರುತು ಮಾಡಿಕೊಳ್ಳುವುದು. ಮುಂಭಾಗದಿಂದ ಒಂದು ಮರದ ಚೂರು ನೀರಿಗೆಸೆದು, ಅದು ಮೊದಲ ಗುರುತಿನಿಂದ ಎರಡನೆಯದರವರೆಗೆ ಬರಲು ಎಷ್ಟು ಹೊತ್ತಾಯಿತು ಎಂದು ಎಣಿಸುವುದು. ಒಂದು ಉದಾಹರಣೆ ಲೆಕ್ಕ ಮಾಡೋಣ. ಗುರುತುಗಳ ನಡುವೆ 12 ಮೀಟರ್, ಚೂರಿಗೆ ಹಿಡಿದದ್ದು 6 ಸೆಕೆಂಡ್ ಎಂದರೆ ವೇಗ ಗಂಟೆಗೆ 7.2 ಕಿ.ಮೀ. ಎಣಿಸುವವನು 6ರ ಬದಲು 7 ಎಂದು ಎಣಿಸಿದನೆಂದರೆ ವೇಗ 6.2 ಕಿ.ಮೀ. ಎಂದು ದಾಖಲಾಗುತ್ತದೆ. ದಿನಕ್ಕೆ ಸುಮಾರು 25 ಕಿ.ಮೀ. ಕಳೆದುಹೋಯಿತು. 40 ದಿನ ಅದೇ ತಪ್ಪು ನಡೆದರೆ 1,000 ಕಿ.ಮೀ.

ಎಣಿಕೆ ಸರಿಯಿದ್ದರೂ ಇನ್ನೊಂದು ತಪ್ಪು ನುಸುಳುತ್ತಿತ್ತು. ಮರದ ಚೂರು ಹೇಳುವುದು ನೀರಿನ ಮೇಲೆ ಹಡಗಿನ ವೇಗವನ್ನು ಮಾತ್ರ. ನೀರೇ ಚಲಿಸುತ್ತಿದ್ದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಆ ದಕ್ಷಿಣದ ಸಮುದ್ರದಲ್ಲಿ ಗಾಳಿಯ ಜೊತೆಗೇ ನೀರಿನ ಪ್ರವಾಹವೂ ಪೂರ್ವಕ್ಕೆ ಹರಿಯುತ್ತದೆ. ಹಡಗು ಪ್ರತಿ ದಿನವೂ ಪುಸ್ತಕದಲ್ಲಿ ಬರೆದದ್ದಕ್ಕಿಂತ ಮುಂದೆ ಹೋಗಿರುತ್ತಿತ್ತು.

ಈಗ ನಕ್ಷೆ ನೋಡಿ. 38 ಡಿಗ್ರಿ ದಕ್ಷಿಣದಲ್ಲಿ 7,400 ಕಿ.ಮೀ. ಪೂರ್ವಕ್ಕೆ ಹೋದರೆ ಸುಮಾರು 103 ಡಿಗ್ರಿ ರೇಖಾಂಶ ಸಿಗುತ್ತದೆ, ಜಾವಾಕ್ಕೆ ತಿರುಗಲು ಸರಿಯಾದ ಜಾಗ. ಆಸ್ಟ್ರೇಲಿಯಾದ ಪಶ್ಚಿಮ ಅಂಚು ಸುಮಾರು 113 ಡಿಗ್ರಿಯಲ್ಲಿದೆ. ನಡುವೆ ಉಳಿದದ್ದು ಹತ್ತು ಡಿಗ್ರಿ, ಆ ಅಕ್ಷಾಂಶದಲ್ಲಿ 900 ಕಿ.ಮೀ.ಗಿಂತ ಸ್ವಲ್ಪ ಕಡಿಮೆ. ಒಟ್ಟು ದೂರದಲ್ಲಿ ಎಂಟನೇ ಒಂದು ಪಾಲು ಲೆಕ್ಕ ತಪ್ಪಿದರೂ ಸಾಕು, ಎದುರಿಗೆ ಆಸ್ಟ್ರೇಲಿಯಾ.

ತಟ್ಟೆಯೊಂದು, ಒಡೆದ ಹಡಗುಗಳು ಹಲವು

1616ರ ಅಕ್ಟೋಬರ್ 25ರಂದು ಡಿರ್ಕ್ ಹಾರ್ಟೋಗ್ ನಾಯಕನಾಗಿದ್ದ 'ಏಂದ್ರಾಖ್ಟ್' ಹಡಗು ಹೀಗೆಯೇ ದಾರಿ ಮೀರಿ ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಬಳಿಯ ದ್ವೀಪವೊಂದಕ್ಕೆ ಬಂತು. ಅವರು ಊಟದ ತಟ್ಟೆಯೊಂದನ್ನು ಚಪ್ಪಟೆ ಮಾಡಿ, ಹಡಗಿನ ಹೆಸರು, ಮುಖ್ಯಸ್ಥರ ಹೆಸರು, ಬಂದ ದಿನ, ಹೊರಡುವ ದಿನ ಕೊರೆದು ಕಂಬಕ್ಕೆ ಮೊಳೆ ಹೊಡೆದು ಹೋದರು. ತವರ ಬೆರೆತ ಲೋಹದ ತಟ್ಟೆ ಅದು. 1697ರಲ್ಲಿ ವಿಲ್ಲೆಮ್ ದೆ ವ್ಲಾಮಿಂಗ್ ಎಂಬ ಇನ್ನೊಬ್ಬ ಡಚ್ ನಾವಿಕ ಅಲ್ಲಿಗೆ ಬಂದಾಗ ಕಂಬ ಕೊಳೆತಿತ್ತು, ತಟ್ಟೆ ಮರಳಿನಲ್ಲಿ ಬಿದ್ದಿತ್ತು. ಆತ ಹಳೆಯದರ ಬರಹವನ್ನೂ ಸೇರಿಸಿ ಹೊಸ ತಟ್ಟೆ ನೆಟ್ಟು ಹಳೆಯದನ್ನು ಒಯ್ದ. ಆಸ್ಟ್ರೇಲಿಯಾದ ನೆಲದಲ್ಲಿ ಐರೋಪ್ಯರು ಬಿಟ್ಟುಹೋದ, ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಬರಹ ಆ ಮೊದಲ ತಟ್ಟೆ. ಇದೇ ಯಾನದಲ್ಲಿ ವ್ಲಾಮಿಂಗ್ ಈಗಿನ ಪರ್ತ್ ಇರುವ ಹೊಳೆಯಲ್ಲಿ ಕಪ್ಪು ಹಂಸಗಳನ್ನು ನೋಡಿದ. ಹಂಸ ಎಂದರೆ ಬಿಳಿಯೇ ಎಂದು ನಂಬಿದ್ದ ಯೂರೋಪಿಗೆ ಅದು ದೊಡ್ಡ ಸುದ್ದಿ.

ಎಲ್ಲರ ಅದೃಷ್ಟವೂ ಹಾರ್ಟೋಗ್‌ನದರಂತೆ ಇರಲಿಲ್ಲ. 1629ರ ಜೂನ್ 4ರ ನಸುಕಿನಲ್ಲಿ 'ಬಟಾವಿಯಾ' ಎಂಬ ದೊಡ್ಡ ಹಡಗು 300ಕ್ಕೂ ಹೆಚ್ಚು ಜನರನ್ನು ಹೊತ್ತು ಹೌಟ್‌ಮನ್ ಅಬ್ರೋಲ್ಹೊಸ್ ಎಂಬ ಹವಳದ ದ್ವೀಪಗಳ ಮೇಲೇರಿತು. ಎದುರಿಗೆ ಬಿಳಿ ನೊರೆ ಕಂಡಾಗ ಅದು ಬೆಳದಿಂಗಳ ಹೊಳಪು ಎಂದು ನಾಯಕ ತಳ್ಳಿಹಾಕಿದ. ಲೆಕ್ಕದ ಪ್ರಕಾರ ನೆಲ ಇನ್ನೂ ಬಹುದೂರ ಇರಬೇಕಿತ್ತಲ್ಲ! ಸುಮಾರು 40 ಮಂದಿ ಮುಳುಗಿದರು. ಉಳಿದವರನ್ನು ನೀರಿಲ್ಲದ ಪುಟ್ಟ ದ್ವೀಪಗಳಲ್ಲಿ ಬಿಟ್ಟು, ಮುಖ್ಯಸ್ಥ ಫ್ರಾನ್ಸಿಸ್ಕೊ ಪೆಲ್ಸರ್ಟ್ ತೆರೆದ ದೋಣಿಯಲ್ಲಿ ಸಹಾಯ ತರಲು ಹೊರಟ. ಈಗಿನ ಜಕಾರ್ತಾ ತಲುಪಲು 33 ದಿನ ಬೇಕಾಯಿತು. ಅವನು ಮರಳುವಷ್ಟರಲ್ಲಿ ಯೆರೋನಿಮಸ್ ಕೊರ್ನೆಲಿಸ್ ಎಂಬ ಕಂಪನಿಯ ನೌಕರ ತನ್ನ ಗುಂಪು ಕಟ್ಟಿಕೊಂಡು ನೂರಕ್ಕೂ ಹೆಚ್ಚು ಗಂಡಸರು, ಹೆಂಗಸರು, ಮಕ್ಕಳನ್ನು ಕೊಲ್ಲಿಸಿದ್ದ. 1656ರಲ್ಲಿ 'ವೆರ್ಗುಲ್ಡೆ ಡ್ರಾಕ್', 1712ರಲ್ಲಿ 'ಜಾಯ್ಟ್‌ಡಾರ್ಪ್', 1727ರಲ್ಲಿ 'ಜೇವೈಕ್' ಅದೇ ಕರಾವಳಿಯಲ್ಲಿ ಒಡೆದವು. ದಾರಿಯಲ್ಲಿ ನೆಲವಿದೆ ಎಂದು ಗೊತ್ತಾಗಿ ಶತಮಾನ ಕಳೆದರೂ ತಾವು ಆ ನೆಲಕ್ಕೆ ಎಷ್ಟು ಹತ್ತಿರವಿದ್ದೇವೆ ಎಂದು ತಿಳಿಯುವ ಉಪಾಯ ಇರಲಿಲ್ಲ.

ನಿಲ್ಲಲಿಲ್ಲ ಯಾಕೆ?

ಕಂಪನಿಗೆ ಬೇಕಿದ್ದದ್ದು ಕೊಳ್ಳಲು ಸರಕು, ಮಾರಲು ಪೇಟೆ. ಪಶ್ಚಿಮದ ದಡದಲ್ಲಿ ಅವರ ಕಣ್ಣಿಗೆ ಬಿದ್ದದ್ದು ಮರಳು, ಬಂಡೆ, ಕುರುಚಲು. ಸಿಹಿನೀರು ಸಿಗುವುದೇ ಕಷ್ಟ. ಸಂಬಾರ ಪದಾರ್ಥವಿಲ್ಲ, ಚಿನ್ನ ಕಾಣಲಿಲ್ಲ. ಅಲ್ಲಿಯ ಜನರಿಗೆ ಡಚ್ಚರ ಬಟ್ಟೆ, ಮಣಿಗಳ ಮೇಲೆ ಆಸೆಯೂ ಇರಲಿಲ್ಲ. 1623ರಲ್ಲಿ ಯಾನ್ ಕಾರ್ಸ್ಟೆನ್ಸ್‌ಜೂನ್‌ನ ತಂಡ ಕೇಪ್ ಯಾರ್ಕ್‌ನಲ್ಲಿ ಸ್ಥಳೀಯರನ್ನು ಬಲವಂತವಾಗಿ ಹಿಡಿದೊಯ್ದಿತು. ಇಂಥದ್ದೆಲ್ಲ ನಡೆದ ಮೇಲೆ ದಡದವರು ಈಟಿ ಹಿಡಿದು ನಿಂತದ್ದರಲ್ಲಿ ಅಚ್ಚರಿಯಿಲ್ಲ.

ಡಚ್ಚರ ದೊಡ್ಡ ಪ್ರಯತ್ನಗಳಲ್ಲೊಂದು ಆಬೆಲ್ ಟಾಸ್ಮನ್‌ನದು. ಎರಡು ಹಡಗುಗಳೊಂದಿಗೆ ಹೊರಟ ಆತ 1642ರ ನವೆಂಬರ್ 24ರಂದು ಈಗಿನ ಟಾಸ್ಮೇನಿಯಾ ಕಂಡ, ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ತಲುಪಿದ. ಅಲ್ಲಿ ಗೋಲ್ಡನ್ ಬೇಯಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಂಜೆ ದೋಣಿಗಳಲ್ಲಿ ಬಂದ ಅಲ್ಲಿಯ ಮೂಲನಿವಾಸಿಗಳಾದ ಮಾವೊರಿಗಳು ಕೂಗಿ, ಕಹಳೆಯಂಥ ವಾದ್ಯ ಊದಿದರು. ಡಚ್ಚರು ಅದನ್ನು ಸ್ವಾಗತವೆಂದು ತಿಳಿದು ತಮ್ಮ ಕಹಳೆ ಊದಿ ಉತ್ತರ ಕೊಟ್ಟರು. ಅಪರಿಚಿತರು ಬಂದಾಗ ಹೀಗೆ ಊದುವುದು ಸವಾಲಿನ ರೀತಿ, ತಿರುಗಿ ಊದಿದರೆ ಸವಾಲು ಒಪ್ಪಿಕೊಂಡಂತೆ ಎಂದು ಇಂದಿನ ಇತಿಹಾಸಕಾರರು ವಿವರಿಸುತ್ತಾರೆ. ಮರುದಿನ ಮಾವೊರಿ ದೋಣಿಯೊಂದು ಎರಡು ಹಡಗುಗಳ ನಡುವೆ ಸಾಗುತ್ತಿದ್ದ ಪುಟ್ಟ ದೋಣಿಗೆ ಡಿಕ್ಕಿ ಹೊಡೆಯಿತು. ನಾಲ್ವರು ನಾವಿಕರು ಸತ್ತರು. ಟಾಸ್ಮನ್ ನ್ಯೂಜಿಲೆಂಡ್ ನೆಲಕ್ಕೆ ಕಾಲಿಡದೆ ಹೊರಟುಹೋದ. ಅಲ್ಲಿಗೆ ಮತ್ತೆ ಐರೋಪ್ಯ ಹಡಗು ಬಂದದ್ದು 1769ರಲ್ಲಿ.

ಕುಕ್ ಬಳಿ ಇದ್ದ ಹೊಸ ಉಪಾಯ: ಚಂದ್ರನೇ ಗಡಿಯಾರ

1768ರ ಆಗಸ್ಟ್ 26ರಂದು ಪ್ಲಿಮತ್‌ನಿಂದ 94 ಜನರೊಂದಿಗೆ ಹೊರಟ 'ಎಂಡೆವರ್' ಮೂಲತಃ ಕಲ್ಲಿದ್ದಲು ಸಾಗಿಸುವ ಹಡಗು. ತಳ ಚಪ್ಪಟೆ, ಹೊಟ್ಟೆ ಅಗಲ, ವೇಗ ಕಡಿಮೆ. ಅಂಥದ್ದನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ಬಹಳ ಸಾಮಾನು ಹಿಡಿಯುತ್ತದೆ, ಬೇಕೆಂದಾಗ ದಡಕ್ಕೆ ಎಳೆದರೆ ವಾಲದೆ ಕೂರುತ್ತದೆ. ಬಹಿರಂಗ ಉದ್ದೇಶ 1769ರ ಜೂನ್ 3ರಂದು ಸೂರ್ಯನ ಮುಂದೆ ಶುಕ್ರ ಹಾದುಹೋಗುವುದನ್ನು ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ಅಳೆಯುವುದು. ಗುಟ್ಟಿನ ಆಜ್ಞೆ ಬೇರೆ ಇತ್ತು: ದಕ್ಷಿಣದ ಖಂಡವನ್ನು ಹುಡುಕಿ, ಸ್ಥಳೀಯರ ಒಪ್ಪಿಗೆ ಪಡೆದು ಅನುಕೂಲವಾದ ಜಾಗಗಳನ್ನು ರಾಜನ ಹೆಸರಿಗೆ ಪಡೆಯುವುದು.

ಈ ಯಾನದಲ್ಲಿ ಕುಕ್ ಬಳಿ ನಿಖರ ಸಮುದ್ರ ಗಡಿಯಾರ ಇರಲಿಲ್ಲ. ಅದು ಬಂದದ್ದು 1772ರ ಎರಡನೇ ಯಾನದಲ್ಲಿ. ಇದ್ದದ್ದು ಖಗೋಳಜ್ಞ ಚಾರ್ಲ್ಸ್ ಗ್ರೀನ್ ಮತ್ತು 1767ರಿಂದ ಪ್ರಕಟವಾಗತೊಡಗಿದ್ದ ನಾವಿಕ ಪಂಚಾಂಗ. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಸರಿಯುತ್ತಾನೆ. ಅಂದರೆ ನಕ್ಷತ್ರಗಳು ಅಂಕಿಗಳು, ಚಂದ್ರ ಮುಳ್ಳು. ಕ್ರಮ ಹೀಗೆ: ಚಂದ್ರನಿಂದ ಒಂದು ನಕ್ಷತ್ರಕ್ಕೆ ಅಥವಾ ಸೂರ್ಯನಿಗೆ ಇರುವ ಕೋನ ಅಳೆಯಬೇಕು. ಅದೇ ಹೊತ್ತಿಗೆ ಇಬ್ಬರೂ ದಿಗಂತದಿಂದ ಎಷ್ಟೆತ್ತರದಲ್ಲಿದ್ದಾರೆ ಎಂದೂ ಅಳೆಯಬೇಕು. ಗಾಳಿಯಲ್ಲಿ ಬೆಳಕು ಬಾಗುವುದರಿಂದ, ಭೂಮಿಯ ಮೇಲ್ಮೈಯಿಂದ ನೋಡುತ್ತಿರುವುದರಿಂದ ಬರುವ ತಪ್ಪುಗಳನ್ನು ತೆಗೆಯಬೇಕು. ಉಳಿದ ಕೋನವನ್ನು ಪಂಚಾಂಗದಲ್ಲಿ ಹುಡುಕಿದರೆ ಆ ಕ್ಷಣ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಗಂಟೆ ಎಷ್ಟು ಎಂದು ಸಿಗುತ್ತದೆ. ಹಡಗಿರುವ ಜಾಗದ ಹೊತ್ತನ್ನು ಸೂರ್ಯನಿಂದ ತಿಳಿದು, ಎರಡರ ವ್ಯತ್ಯಾಸವನ್ನು ಗಂಟೆಗೆ 15 ಡಿಗ್ರಿಯಂತೆ ಬದಲಿಸಿದರೆ ರೇಖಾಂಶ. ಪಂಚಾಂಗ ಬರುವ ಮೊದಲು ಈ ಲೆಕ್ಕಕ್ಕೆ ನಾಲ್ಕು ಗಂಟೆ ಬೇಕಿತ್ತು, ಪಂಚಾಂಗವಿದ್ದರೆ ಅರ್ಧ ಗಂಟೆ. ಕೋನದಲ್ಲಿ ಒಂದು ಕಲೆ, ಅಂದರೆ ಡಿಗ್ರಿಯ 60ನೇ ಒಂದು ಭಾಗ, ತಪ್ಪಿದರೆ ರೇಖಾಂಶದಲ್ಲಿ ಅರ್ಧ ಡಿಗ್ರಿ ತಪ್ಪುತ್ತದೆ. ಮೋಡ ಕವಿದರೆ, ಅಮಾವಾಸ್ಯೆಯ ಆಸುಪಾಸಿನ ದಿನಗಳಾದರೆ ಅಳೆಯಲು ಚಂದ್ರನೇ ಇಲ್ಲ. ಆದರೂ ಸಾವಿರ ಕಿ.ಮೀ. ತಪ್ಪುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಜಿಗಿತ. ಪೂರ್ವ ಕರಾವಳಿಯನ್ನು ಕುಕ್ ನಂಬುವಂಥ ನಕ್ಷೆಯಾಗಿ ಬರೆಯಲು ಸಾಧ್ಯವಾದದ್ದು ಇದರಿಂದ.

ಬಾಟನಿ ಬೇ: ಮಾತು ಸೇರದ ಭೇಟಿ

1770ರ ಏಪ್ರಿಲ್ 29ರಂದು ಎಂಡೆವರ್ ಈಗಿನ ಸಿಡ್ನಿಯ ದಕ್ಷಿಣಕ್ಕಿರುವ ಬಾಟನಿ ಬೇ ಪ್ರವೇಶಿಸಿತು. ಆ ನೆಲ ಗ್ವಿಯಗಲ್ ಜನರದು. ದಡದಲ್ಲಿ ಇಬ್ಬರು ಗಂಡಸರು ಈಟಿ ಹಿಡಿದು ದಾರಿ ಅಡ್ಡಗಟ್ಟಿದರು. ದೋಣಿಗಳಲ್ಲಿ ಹತ್ತಾರು ಜನ, ದಡದಲ್ಲಿ ಎದುರು ನಿಂತವರು ಇಬ್ಬರೇ. ಕುಕ್ ಮೊಳೆ, ಮಣಿಗಳನ್ನು ಎಸೆದ. ಅವರು ಜಗ್ಗಲಿಲ್ಲ. ಬಂದೂಕು ಹಾರಿತು, ಒಬ್ಬನ ಕಾಲಿಗೆ ಸಣ್ಣ ಗುಂಡುಗಳು ತಗುಲಿದವು. ಆತ ಗುಡಿಸಲಿಗೆ ಹೋಗಿ ಗುರಾಣಿ ತಂದು ಮತ್ತೆ ನಿಂತ.

ತಾಹಿತಿಯಿಂದ ಜೊತೆಯಾಗಿದ್ದ ತುಪಾಯಾ ಎಂಬ ಅರ್ಚಕ-ನಾವಿಕ ನ್ಯೂಜಿಲೆಂಡ್‌ನಲ್ಲಿ ಮಾವೊರಿಗಳೊಂದಿಗೆ ಸಲೀಸಾಗಿ ಮಾತಾಡಿದ್ದ. ಎರಡೂ ಒಂದೇ ಕುಟುಂಬದ ಭಾಷೆಗಳು. ಇಲ್ಲಿ ಅವನಿಗೂ ಒಂದಕ್ಷರ ಅರ್ಥವಾಗಲಿಲ್ಲ, ಯಾಕೆಂದರೆ ಆಸ್ಟ್ರೇಲಿಯಾದ ಭಾಷೆಗಳಿಗೂ ಪೆಸಿಫಿಕ್ ದ್ವೀಪಗಳ ಭಾಷೆಗಳಿಗೂ ನಂಟಿಲ್ಲ. ಕುಕ್‌ನ ತಂಡ ಎಂಟು ದಿನ ಅಲ್ಲಿತ್ತು. ಸಸ್ಯತಜ್ಞ ಜೋಸೆಫ್ ಬ್ಯಾಂಕ್ಸ್ ಮತ್ತು ಡ್ಯಾನಿಯೆಲ್ ಸೊಲಾಂಡರ್ ರಾಶಿ ರಾಶಿ ಗಿಡಗಳನ್ನು ಒಣಗಿಸಿಕೊಂಡರು. ಹೋಗುವಾಗ ಗುಡಿಸಲುಗಳಿಂದ ಎತ್ತಿಕೊಂಡ ಹತ್ತಾರು ಈಟಿಗಳೂ ಹಡಗಿನಲ್ಲಿದ್ದವು. ಅವುಗಳಲ್ಲಿ ಉಳಿದಿದ್ದ ನಾಲ್ಕನ್ನು ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು 2024ರಲ್ಲಿ ಆ ಸಮುದಾಯಕ್ಕೆ ಹಿಂದಿರುಗಿಸಿತು.

ಹವಳದ ಮೇಲೆ ಒಂದು ರಾತ್ರಿ, ಒಂದು ಹಗಲು

ಬಾಟನಿ ಬೇಯಿಂದ ಎಂಡೆವರ್ ಕರಾವಳಿಗುಂಟ ಉತ್ತರಕ್ಕೆ ಸಾಗಿತು. ಜೂನ್ 11ರ ರಾತ್ರಿ 11ರ ಹೊತ್ತಿಗೆ ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಅಳೆದಾಗ ಆಳ 17 ಮಾರು, ಅಂದರೆ ಸುಮಾರು 31 ಮೀಟರ್. ಮತ್ತೊಮ್ಮೆ ಹಗ್ಗ ಬಿಡುವ ಮೊದಲೇ ಹಡಗು ಗಕ್ಕೆಂದು ನಿಂತಿತು. ಹವಳದ ದಿಬ್ಬಗಳು ಗೋಡೆಯಂತೆ ನೇರವಾಗಿ ಮೇಲೇಳುವುದರಿಂದ ಆಳ ಅಳೆಯುವ ಹಗ್ಗ ಅಲ್ಲಿ ಮುನ್ಸೂಚನೆ ಕೊಡುವುದಿಲ್ಲ.

ದುರದೃಷ್ಟವೆಂದರೆ ತಾಗಿದ್ದು ತುಂಬು ಉಬ್ಬರದಲ್ಲಿ. ಇಳಿತದಲ್ಲಿ ತಾಗಿದ್ದರೆ ಆರು ಗಂಟೆಯಲ್ಲಿ ನೀರೇ ಎತ್ತುತ್ತಿತ್ತು. ಈಗ ನೀರು ಇಳಿಯುತ್ತಾ ಹೋಯಿತು, ಹಡಗಿನ ಭಾರವೆಲ್ಲ ಹವಳದ ಮೇಲೆ ಬಿತ್ತು. ದಡ 40 ಕಿ.ಮೀ. ದೂರ, ಎಲ್ಲರನ್ನೂ ಹೊರುವಷ್ಟು ದೋಣಿಗಳಿಲ್ಲ. ಆರು ಫಿರಂಗಿ, ತಳದ ಕಬ್ಬಿಣ ಮತ್ತು ಕಲ್ಲು, ಪೀಪಾಯಿ, ಎಣ್ಣೆಯ ಜಾಡಿ ಸೇರಿ 40-50 ಟನ್ ಸಾಮಾನು ಸಮುದ್ರಕ್ಕೆ ಹೋಯಿತು. ಮರುದಿನ ಬೆಳಗಿನ 11 ಗಂಟೆಯ ಉಬ್ಬರ ಸಾಲದೆ ಹೋಯಿತು. ಆ ಕರಾವಳಿಯಲ್ಲಿ ಆ ಕಾಲದಲ್ಲಿ ರಾತ್ರಿಯ ಉಬ್ಬರ ಹಗಲಿನದಕ್ಕಿಂತ ಎತ್ತರ. ಅದಕ್ಕೇ ಕಾದರು. ಲಂಗರುಗಳನ್ನು ದೋಣಿಗಳಲ್ಲಿ ದೂರ ಒಯ್ದು ಇಳಿಸಿ, ಅವುಗಳ ಹಗ್ಗವನ್ನು ಬಿಗಿ ಎಳೆದಿಟ್ಟುಕೊಂಡರು. ನಾಲ್ಕು ಪಂಪುಗಳಲ್ಲಿ ಕೆಲಸ ಮಾಡುತ್ತಿದ್ದವು ಮೂರು. ಅಧಿಕಾರಿ, ಆಳು ಎನ್ನದೆ ಎಲ್ಲರೂ ಸರದಿಯಲ್ಲಿ ನೀರೆತ್ತಿದರು. ರಾತ್ರಿ 10.20ರ ಸುಮಾರಿಗೆ ಹಡಗು ತೇಲಿತು.

ತೇಲಿದ್ದೇ ಅಪಾಯ. ದಿಬ್ಬದಿಂದ ಬಿಡಿಸಿಕೊಂಡ ಮೇಲೆ ತೂತಿನಿಂದ ನೀರು ನುಗ್ಗಿದರೆ ಮುಳುಗುವುದೇ ಗತಿ. ಜೊನಾಥನ್ ಮಂಕ್‌ಹೌಸ್ ಎಂಬ ಕಿರಿಯ ಅಧಿಕಾರಿಗೆ ಒಂದು ಉಪಾಯ ಗೊತ್ತಿತ್ತು. ಹಳೆಯ ಹಗ್ಗದ ನಾರು ಮತ್ತು ಉಣ್ಣೆಯನ್ನು ಸಣ್ಣಗೆ ಕತ್ತರಿಸಿ ಬೆರೆಸಿ, ಹಿಡಿ ಹಿಡಿಯಾಗಿ ಒಂದು ಹಾಯಿಯ ಮೇಲೆ ಅಂಟಿಸಿ, ಮೇಲೆ ಕುರಿಯ ಗೊಬ್ಬರ ಹರಡಿದರು. ಆ ಹಾಯಿಯನ್ನು ಹಗ್ಗಗಳಿಂದ ಹಡಗಿನ ತಳದಡಿ ಎಳೆದರು. ತೂತಿನ ಬಳಿ ಬಂದಾಗ ಒಳನುಗ್ಗುವ ನೀರೇ ನಾರು ಉಣ್ಣೆಯನ್ನು ಸೀಳುಗಳೊಳಗೆ ಎಳೆದುಕೊಂಡಿತು. ಆಮೇಲೆ ಒಂದೇ ಪಂಪು ಸಾಕಾಯಿತು. ಮುಂದೆ ಹಡಗನ್ನು ದಡಕ್ಕೆಳೆದಾಗ ಇನ್ನೊಂದು ವಿಷಯ ಕಂಡಿತು: ಮುರಿದ ಹವಳದ ಗಟ್ಟಿಯೊಂದು ತೂತಿನಲ್ಲೇ ಸಿಕ್ಕಿಕೊಂಡು ಬಿರಡೆಯಾಗಿತ್ತು. ಕುಕ್‌ನ ನಾವಿಕತನ ಎಷ್ಟು ದೊಡ್ಡದು ಎಂಬುದು ಅವನು ಹಾರಿಸಿದ ಬಾವುಟಗಳಿಗಿಂತ ಹೆಚ್ಚಾಗಿ ಈ 24 ಗಂಟೆಗಳಲ್ಲಿ ಕಾಣುತ್ತದೆ.

ಆಮೆಗಳು ಯಾರವು?

ರಿಪೇರಿಗೆ ಹಡಗು ಸೇರಿದ್ದು ಈಗಿನ ಕುಕ್‌ಟೌನ್‌ನ ಹೊಳೆಯನ್ನು. ಅದು ಗೂಗು ಯಿಮಿಥಿರ್ ಜನರ ಸೀಮೆ. ಜೂನ್ 17ರಿಂದ ಆಗಸ್ಟ್ 4ರವರೆಗೆ, ಏಳು ವಾರ ಅಲ್ಲಿದ್ದರು. ಇಡೀ ಯಾನದಲ್ಲಿ ಆಸ್ಟ್ರೇಲಿಯಾದ ಜನರೊಂದಿಗೆ ನಿಜವಾದ ಒಡನಾಟ ನಡೆದದ್ದು ಇಲ್ಲೊಂದೇ ಕಡೆ. ಮೊದಲ ಮೂರು ವಾರ ಸ್ಥಳೀಯರು ದೂರದಿಂದಲೇ ನೋಡಿದರು. ಜುಲೈ 10ರಂದು ಹತ್ತಿರ ಬಂದರು. ಹೆಸರು ಹೇಳಿಕೊಂಡರು, ಮೀನು ಹಂಚಿಕೊಂಡರು, ಬ್ಯಾಂಕ್ಸ್ ಅವರ ಮಾತುಗಳನ್ನು ಪಟ್ಟಿ ಮಾಡಿಕೊಂಡ.

ಜುಲೈ 19ರಂದು ಹಡಗಿಗೆ ಬಂದವರು ಅಲ್ಲಿ ಹಲವು ಆಮೆಗಳನ್ನು ಕಂಡರು. ನಾವಿಕರು ಹವಳದ ದಿಬ್ಬಗಳಿಂದ ಹಿಡಿದು ತಂದವು ಅವು. ಒಂದನ್ನು ಕೊಡಿ ಎಂದು ಕೇಳಿದರು. ಕುಕ್ ಕಡೆಯವರು ಕೊಡಲಿಲ್ಲ. ನಾವಿಕರ ದೃಷ್ಟಿಯಲ್ಲಿ ಸಮುದ್ರದಿಂದ ಹಿಡಿದದ್ದು ಹಿಡಿದವರದು. ಗೂಗು ಯಿಮಿಥಿರ್ ಜನರ ದೃಷ್ಟಿಯಲ್ಲಿ ಆ ನೀರಿಗೂ ಆಮೆಗೂ ಒಡೆಯರಿದ್ದಾರೆ. ಕೇಳದೆ, ಬೇಕಾದದ್ದಕ್ಕಿಂತ ಹೆಚ್ಚು ಹಿಡಿದವರು ಹಂಚಿಕೊಳ್ಳಲಾದರೂ ಬೇಕು. ಸಿಟ್ಟಿನಿಂದ ಅವರು ದಡದಲ್ಲಿದ್ದ ಬಿಡಾರದ ಸುತ್ತಲ ಒಣಹುಲ್ಲಿಗೆ ಬೆಂಕಿ ಹಚ್ಚಿದರು. ಕುಕ್ ಗುಂಡು ಹಾರಿಸಿದ, ಒಬ್ಬನಿಗೆ ಗಾಯವಾಯಿತು. ಸ್ವಲ್ಪ ಹೊತ್ತಿನ ಬಳಿಕ ಒಬ್ಬ ಮುದುಕ ಮೊನೆಯಿಲ್ಲದ ಈಟಿ ಹಿಡಿದು ಮುಂದೆ ಬಂದ. ಎರಡೂ ಕಡೆಯವರು ಕೂತರು, ಕುಕ್ ತಾನು ಕಿತ್ತುಕೊಂಡಿದ್ದ ಈಟಿಗಳನ್ನು ಹಿಂದಿರುಗಿಸಿದ. ಆ ಜಾಗದಲ್ಲಿ ರಕ್ತ ಸುರಿಯಕೂಡದು ಎಂಬುದು ತಮ್ಮ ಹಿರಿಯರ ಕಟ್ಟಳೆ, ಮುದುಕ ಬಂದದ್ದು ಅದಕ್ಕಾಗಿ ಎಂದು ಅವರ ಇಂದಿನ ವಂಶಸ್ಥರು ಹೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ ದಾಖಲಾದ ಮೊದಲ ರಾಜಿಯೆಂದು ಇದನ್ನು ನೆನೆಯುತ್ತಾರೆ. ಕುಕ್‌ನ ಇಡೀ ಯಾನದಲ್ಲಿ ಶಾಲೆಯ ಮಕ್ಕಳಿಗೆ ಒಂದೇ ಪ್ರಸಂಗ ಹೇಳಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ.

ಅದೇ ಆಗಸ್ಟ್ 22ರಂದು ಕೇಪ್ ಯಾರ್ಕ್ ಪಕ್ಕದ ಪುಟ್ಟ ದ್ವೀಪವೊಂದರಲ್ಲಿ ಬಾವುಟ ಏರಿಸಿ, ಇಡೀ ಪೂರ್ವ ಕರಾವಳಿ ಬ್ರಿಟನ್ನಿನ ರಾಜನದೆಂದು ಕುಕ್ ಘೋಷಿಸಿದ. ಆಜ್ಞೆಯಲ್ಲಿದ್ದ ಒಪ್ಪಿಗೆಯನ್ನು ಯಾರಿಂದಲೂ ಕೇಳಿರಲಿಲ್ಲ. ಮುಂದೆ ಬಂದ ಬ್ರಿಟಿಷ್ ಆಡಳಿತ ಆ ನೆಲಕ್ಕೆ ಒಡೆಯರೇ ಇರಲಿಲ್ಲ ಎಂಬಂತೆ ಕಾನೂನು ನಡೆಸಿತು. 1992ರ ಜೂನ್ 3ರಂದು ಆಸ್ಟ್ರೇಲಿಯಾದ ಹೈಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಅಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟಿನ ಸ್ಥಾನದ್ದು. ಮೊಕದ್ದಮೆ ಹೂಡಿದವರಲ್ಲಿ ಮುಂದಾಳು ಎಡ್ಡಿ ಮಾಬೋ, ಟೊರೆಸ್ ಜಲಸಂಧಿಯ ಮೇರ್ ದ್ವೀಪದವರು.

ಎಲ್ಲಿ ನೋಡಬಹುದು?

ಅಲ್ಲಿರುವವರಿಗೆ, ಹೋಗುವವರಿಗೆ ಇವುಗಳಲ್ಲಿ ಹಲವನ್ನು ಕಣ್ಣಾರೆ ಕಾಣಲು ಸಾಧ್ಯ. ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನ ಒಡೆದ ಹಡಗುಗಳ ವಸ್ತುಸಂಗ್ರಹಾಲಯದಲ್ಲಿ 'ಬಟಾವಿಯಾ'ದ ಹಿಂಭಾಗದ ಮರದ ಒಡಲೇ ಇದೆ. ಎಂಡೆವರ್‌ನ ಅಳತೆಗೆ ಸರಿಯಾಗಿ ಕಟ್ಟಿದ ಪ್ರತಿರೂಪ ಸಿಡ್ನಿಯ ಡಾರ್ಲಿಂಗ್ ಹಾರ್ಬರ್‌ನಲ್ಲಿ, ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಬಳಿ ತೇಲುತ್ತದೆ. ಹವಳದ ಮೇಲೆ ಎಸೆದ ಆರು ಫಿರಂಗಿಗಳನ್ನು 1969ರಲ್ಲಿ ಅಮೆರಿಕದ ತಂಡವೊಂದು ಪತ್ತೆಹಚ್ಚಿ ಎತ್ತಿಸಿತು. ಅವುಗಳಲ್ಲೊಂದು ಕುಕ್‌ಟೌನ್‌ನ ವಸ್ತುಸಂಗ್ರಹಾಲಯದಲ್ಲಿ ಅದೇ ಹಡಗಿನ ಲಂಗರಿನ ಜೊತೆಗಿದೆ, ಇನ್ನೊಂದು ಕ್ಯಾನ್‌ಬೆರಾದಲ್ಲಿ. ಹಾರ್ಟೋಗ್‌ನ ತಟ್ಟೆಗಾಗಿ ಮಾತ್ರ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಮ್‌ಗೆ ಹೋಗಬೇಕು.